ನಿದ್ದೆ ಬರುತ್ತಿಲ್ಲ, ಮನಸ್ಸಿಗೆ ನೆಮ್ಮದಿ ಇಲ್ಲ: ಮೈಂಡ್‌ಫುಲ್‌ನೆಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾರಕ್ಕೊಂದು ಸಂಜೆ ಮೈಸೂರಿನಲ್ಲಿ ನಾವು ಕೆಲವರು ಒಟ್ಟಿಗೆ ಕೂತು ಮೈಂಡ್‌ಫುಲ್‌ನೆಸ್ ಅಭ್ಯಾಸ ಮಾಡುತ್ತೇವೆ. ಬರುವವರಲ್ಲಿ ಹೆಚ್ಚಿನವರ ದೂರು ಒಂದೇ. ರಾತ್ರಿ ನಿದ್ದೆ ಇಲ್ಲ, ಹಗಲು ಮನಸ್ಸಿಗೆ ಸಮಾಧಾನ ಇಲ್ಲ. ಅವರು ಕೇಳುವ ಪ್ರಶ್ನೆಗಳನ್ನು, ಫೋನ್ ಮಾಡಿ ಕೇಳುವ ನೆಂಟರಿಷ್ಟರ ಪ್ರಶ್ನೆಗಳನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ ಹತ್ತಿರ ಹೋಗಬೇಕಾದದ್ದು ಯಾವಾಗ ಅಂತ ಕೆಳಗೆ ಬರೆದಿದ್ದೇನೆ, ಆ ಭಾಗವನ್ನು ದಯವಿಟ್ಟು ಬಿಟ್ಟು ಓದಬೇಡಿ.

ಮೈಂಡ್‌ಫುಲ್‌ನೆಸ್ ಅಂದರೆ ಏನು? ಧ್ಯಾನವೇ ತಾನೆ?

ಈ ಹೊತ್ತಿನಲ್ಲಿ ಏನು ನಡೆಯುತ್ತಿದೆಯೋ ಅದನ್ನು ಗಮನಿಸುವುದು. ಉಸಿರು ಬಂದು ಹೋಗುವುದು, ಬೆನ್ನು ಕುರ್ಚಿಗೆ ತಾಗಿರುವುದು, ತಲೆಯಲ್ಲಿ ಓಡುತ್ತಿರುವ ಯೋಚನೆ, ಎದೆಯಲ್ಲಿರುವ ಹೆದರಿಕೆ, ಏನಿದ್ದರೂ ಸರಿ. 'ಛೆ, ಹೀಗಾಗಬಾರದಿತ್ತು' ಅಂತ ಅದರ ಜೊತೆ ಜಗಳಕ್ಕೆ ಇಳಿಯದೆ ನೋಡುವುದು. ಕೂತು ಮಾಡಿದರೆ ಧ್ಯಾನ ಅನ್ನಿ. ಪಾತ್ರೆ ತೊಳೆಯುತ್ತಾನೂ ಮಾಡಬಹುದು.

ಇದರ ಬೇರು ಬುದ್ಧನ ಬೋಧನೆಯಲ್ಲಿದೆ. ಪಾಲಿ ಭಾಷೆಯ ಸತಿಪಟ್ಠಾನ ಸುತ್ತ ಎಂಬ ಉಪದೇಶದಲ್ಲಿ ಉಸಿರು, ಮೈ, ಮನಸ್ಸುಗಳನ್ನು ಗಮನಿಸುವ ಬಗೆ ವಿವರವಾಗಿಯೇ ಬಂದಿದೆ. ಅದು ಆಸ್ಪತ್ರೆಯೊಳಗೆ ಕಾಲಿಟ್ಟದ್ದು 1979ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ. ಜಾನ್ ಕಬಾಟ್-ಜಿನ್ ಅನ್ನುವವರು ವರ್ಷಗಟ್ಟಲೆ ನೋವು ತಿಂದು, ಔಷಧಿಯಿಂದ ಹೆಚ್ಚೇನೂ ಉಪಯೋಗವಾಗದ ರೋಗಿಗಳಿಗೆ ಅಂತ 8 ವಾರದ ಕೋರ್ಸ್ ಶುರು ಮಾಡಿದರು. ಎಂಬಿಎಸ್‌ಆರ್ ಅಂತ ಕರೆಯುವುದು ಅದನ್ನೇ. ವಾರಕ್ಕೊಂದು ಕ್ಲಾಸ್, ದಿನಾ ಮನೆಯಲ್ಲಿ ಸುಮಾರು 45 ನಿಮಿಷ ಅಭ್ಯಾಸ, ಮಧ್ಯೆ ಒಂದು ಇಡೀ ದಿನ ಮೌನ. ಇವತ್ತು ಆಪ್‌ಗಳಲ್ಲಿ, ಆಫೀಸುಗಳಲ್ಲಿ ಸಿಗುವುದರಲ್ಲಿ ಬಹಳಷ್ಟು ಇದರಿಂದಲೇ ಕವಲೊಡೆದದ್ದು.

ಇದನ್ನು ಮಾಡಿದರೆ ನಿದ್ದೆ ಬರುತ್ತದಾ?

ನಿದ್ದೆ ತರಿಸಬೇಕು ಅಂತಲೇ ಮಾಡಿದರೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನ ಇಲ್ಲೇ ಎಡವಿ, 'ನನಗೆ ಇದು ಆಗಿಬರಲಿಲ್ಲ' ಅಂತ ಬಿಟ್ಟುಬಿಡುತ್ತಾರೆ.

ನಿದ್ದೆ ನಾವು ಮಾಡುವ ಕೆಲಸ ಅಲ್ಲ, ತಾನಾಗಿ ಬರುವಂಥದ್ದು. 'ಬಂತಾ, ಬಂತಾ' ಅಂತ ನೋಡುತ್ತಾ ಮಲಗುವುದು ಕಾವಲು ಕೂತ ಹಾಗೆ, ಕಾವಲು ಕೂತವನಿಗೆ ನಿದ್ದೆ ಎಲ್ಲಿಂದ ಬರಬೇಕು? 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಅಂತ ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಚಿಂತೆಗಳು ತೀರಿದ ಮೇಲೂ ನಿದ್ದೆಯದ್ದೇ ಒಂದು ಚಿಂತೆ ಉಳಿದುಬಿಡುತ್ತದೆ ಅಲ್ವಾ, ಅದೇ ನಿಜವಾದ ತೊಂದರೆ.

ಆರ್ಥರ್ ಸ್ಪೀಲ್‌ಮನ್ ಎಂಬ ನಿದ್ರಾ ತಜ್ಞರು 1980ರ ದಶಕದಲ್ಲಿ ಇದನ್ನು ಮೂರು ಭಾಗ ಮಾಡಿ ಹೇಳಿದರು. ಕೆಲವರದ್ದು ಮೊದಲಿನಿಂದಲೂ ಎಚ್ಚರದ ನಿದ್ದೆ. ಅದರ ಮೇಲೆ ಏನೋ ಒಂದು ಕಾರಣ ಬಂದು ನಿದ್ದೆ ಕೆಡಿಸುತ್ತದೆ. ಆಮೇಲೆ ಆ ಕಾರಣ ಹೋದರೂ, ನಾವು ರೂಢಿಸಿಕೊಂಡ ಅಭ್ಯಾಸಗಳು ನಿದ್ದೆಗೇಡನ್ನು ಉಳಿಸಿಕೊಂಡು ಹೋಗುತ್ತವೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನಿದ್ದೆ ಕೆಟ್ಟಿತು ಅಂತ ಇಟ್ಟುಕೊಳ್ಳಿ. ಅಪ್ಪ ಗುಣವಾಗಿ ಮನೆಗೆ ಬಂದು, ಈಗ ಬೆಳಗ್ಗೆ ವಾಕಿಂಗ್ ಕೂಡ ಹೋಗುತ್ತಿದ್ದಾರೆ. ಮಗನಿಗೆ ಮಾತ್ರ ಇನ್ನೂ ನಿದ್ದೆ ಇಲ್ಲ. ಯಾಕೆ? ಒಂಬತ್ತಕ್ಕೇ ಹಾಸಿಗೆಗೆ ಹೋಗುತ್ತಾನೆ, ಭಾನುವಾರ ಮಧ್ಯಾಹ್ನ ಮೂರು ಗಂಟೆ ಮಲಗುತ್ತಾನೆ, ರಾತ್ರಿ ಹತ್ತು ಸಲ ಗಡಿಯಾರ ನೋಡುತ್ತಾನೆ, ದಿಂಬು ಕಂಡರೇ ಎದೆ ಡವಡವ ಅನ್ನುತ್ತದೆ.

ಮೈಂಡ್‌ಫುಲ್‌ನೆಸ್ ಕೈ ಹಾಕುವುದು ಈ ಮೂರನೆಯ ಭಾಗಕ್ಕೆ. ಎಚ್ಚರವಾಗಿರುವುದರ ಜೊತೆಗಿನ ಹೋರಾಟ ಕಡಿಮೆಯಾಗುತ್ತದೆ. ಹೋರಾಟ ಕಡಿಮೆಯಾದರೆ ನಿದ್ದೆಗೆ ದಾರಿ ಬಿಟ್ಟುಕೊಟ್ಟಂತಾಗುತ್ತದೆ, ಅಷ್ಟೇ. ಕೆಲವು ರಾತ್ರಿ ಬರುತ್ತದೆ, ಕೆಲವು ರಾತ್ರಿ ಬರುವುದಿಲ್ಲ. ಬರದ ರಾತ್ರಿಯೂ ಮೊದಲಿನಷ್ಟು ನರಕವಾಗಿರುವುದಿಲ್ಲ.

ಸರಿ, ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಆಗ ಏನು ಮಾಡಲಿ?

ಮೊದಲು, ಎರಡೂವರೆ ಅಂತ ನಿಮಗೆ ಗೊತ್ತಾಗಲೇಬಾರದು. ಗಡಿಯಾರವನ್ನು ಗೋಡೆ ಕಡೆ ತಿರುಗಿಸಿಡಿ. ಫೋನನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ. ಅಲಾರಾಂ ಬೇಕು ಅಂದರೆ ಒಂದು ಚಿಕ್ಕ ಅಲಾರಾಂ ಗಡಿಯಾರ ತನ್ನಿ. ಸಮಯ ಕಂಡ ತಕ್ಷಣ ಲೆಕ್ಕ ಶುರುವಾಗುತ್ತದೆ: 'ಈಗ ನಿದ್ದೆ ಬಂದರೂ ಮೂರೂವರೆ ಗಂಟೆ ಸಿಗುತ್ತೆ, ನಾಳೆ ಮೀಟಿಂಗಲ್ಲಿ ಏನು ಗತಿ.' ಈ ಲೆಕ್ಕವೇ ಅರ್ಧ ನಿದ್ದೆ ತಿನ್ನುತ್ತದೆ.

ಆಮೇಲೆ ಮೈ ಕಡೆ ಗಮನ ಕೊಡಿ. ದವಡೆ ಬಿಗಿಯಾಗಿದೆಯಾ? ನಾಲಿಗೆ ಮೇಲಿನ ಅಂಗುಳಕ್ಕೆ ಒತ್ತಿಕೊಂಡಿದೆಯಾ? ಭುಜ ಕಿವಿ ಕಡೆ ಏರಿದೆಯಾ? ಮುಷ್ಟಿ? ಹೆಚ್ಚಿನವರಿಗೆ ಇವುಗಳಲ್ಲಿ ಒಂದಾದರೂ ಸಿಗುತ್ತದೆ. ಸಡಿಲ ಮಾಡಬೇಕು ಅಂತ ಹಟ ಬೇಡ, ಗಮನಿಸಿ ಸಾಕು, ಎಷ್ಟೋ ಸಲ ತಾನೇ ಸಡಿಲವಾಗುತ್ತದೆ. ಕಾಲಿನ ಹೆಬ್ಬೆರಳಿನಿಂದ ಶುರು ಮಾಡಿ. ಬೆರಳು, ಅಂಗಾಲು, ಹಿಮ್ಮಡಿ ಹಾಸಿಗೆಗೆ ತಾಗಿರುವ ಜಾಗ, ಕಣಕಾಲು, ಮೊಣಕಾಲು ಹೀಗೆ ನಿಧಾನಕ್ಕೆ ಮೇಲೆ ಬನ್ನಿ. ಒಂದೊಂದು ಜಾಗದಲ್ಲಿ ಮೂರ್ನಾಲ್ಕು ಉಸಿರು. ಬಿಸಿ, ತಂಪು, ಜುಮ್ಮೆನ್ನುವುದು, ಹೊದಿಕೆಯ ಭಾರ ಏನಾದರೂ ಗೊತ್ತಾಗಬಹುದು. ಏನೂ ಗೊತ್ತಾಗದಿದ್ದರೆ ಅದೂ ಸರಿ. ಇದಕ್ಕೆ ಬಾಡಿ ಸ್ಕ್ಯಾನ್ ಅಂತಾರೆ. ಮಧ್ಯೆ ಮನಸ್ಸು ಎಲ್‌ಐಸಿ ಪ್ರೀಮಿಯಂ ಕಡೆ ಹೋಗುತ್ತದೆ, ಹೋಗಲಿ. 'ಯೋಚನೆ' ಅಂತ ಒಳಗೇ ಒಂದು ಮಾತು ಹೇಳಿ, ಬಿಟ್ಟ ಜಾಗಕ್ಕೆ ವಾಪಸ್ ಬನ್ನಿ. ಹೆಬ್ಬೆರಳಿನಿಂದ ಮತ್ತೆ ಶುರು ಮಾಡಬೇಕಾಗಿಲ್ಲ.

ಇನ್ನೊಂದು ಮುಖ್ಯ ವಿಷಯ. ಸುಸ್ತಾಗಿರುವುದು ಬೇರೆ, ನಿದ್ದೆ ಎಳೆಯುವುದು ಬೇರೆ. ಮೈ ಕೈ ಸೋತಿದೆ, ತಲೆ ಭಾರ, ಆದರೆ ಕಣ್ಣು ಪಳಪಳ ಅನ್ನುತ್ತಿದೆ ಅಂದರೆ ಅದು ಸುಸ್ತು. ರೆಪ್ಪೆ ತಾನಾಗಿ ಇಳಿಯುತ್ತಿದೆ, ಓದುತ್ತಿದ್ದ ಸಾಲು ಕಲಸಿಹೋಗುತ್ತಿದೆ ಅಂದರೆ ಅದು ನಿದ್ದೆ. ಜೇಸನ್ ಓಂಗ್ ಎಂಬ ಅಮೆರಿಕದ ಮನೋವಿಜ್ಞಾನಿ ನಿದ್ರಾಹೀನತೆಗೆಂದೇ ಮೈಂಡ್‌ಫುಲ್‌ನೆಸ್ ಕೋರ್ಸ್ ಕಟ್ಟಿದ್ದಾರೆ. ಅದರಲ್ಲಿ ಈ ವ್ಯತ್ಯಾಸ ಗುರುತಿಸುವುದಕ್ಕೆ ತುಂಬಾ ಮಹತ್ವ ಇದೆ. ನನ್ನ ಮಟ್ಟಿಗಂತೂ ಇಡೀ ಅಭ್ಯಾಸದಲ್ಲಿ ತಕ್ಷಣ ಉಪಯೋಗಕ್ಕೆ ಬರುವ ಸಂಗತಿ ಇದೇ.

ಸುಮಾರು ಇಪ್ಪತ್ತು ನಿಮಿಷ ಆಗಿರಬಹುದು ಅನ್ನಿಸಿ (ಅಂದಾಜು, ಗಡಿಯಾರ ಬೇಡ), ಹೊರಳಾಟ ಜಾಸ್ತಿ ಆದರೆ ಎದ್ದುಬಿಡಿ. ಮಂದ ಬೆಳಕಿನಲ್ಲಿ ಹಾಲ್‌ನಲ್ಲಿ ಕೂತುಕೊಳ್ಳಿ. ಕಣ್ಣು ಎಳೆದಾಗ ಮಾತ್ರ ವಾಪಸ್ ಹೋಗಿ. ರಿಚರ್ಡ್ ಬೂಟ್ಜಿನ್ ಎಂಬ ಮನೋವಿಜ್ಞಾನಿ 1972ರಲ್ಲಿ ಹೇಳಿಕೊಟ್ಟ ಉಪಾಯ ಇದು. ಹಾಸಿಗೆ ಅಂದರೆ ನಿದ್ದೆ ಅನ್ನುವ ನಂಟನ್ನು ತಲೆಗೆ ಮತ್ತೆ ಕಲಿಸುವುದು ಇದರ ಉದ್ದೇಶ.

ಮನೆ ಚಿಕ್ಕದು, ಎದ್ದರೆ ಎಲ್ಲರಿಗೂ ಎಚ್ಚರವಾಗುತ್ತದೆ, ಅತ್ತೆ 'ಏನಾಯ್ತಮ್ಮ' ಅಂತ ಕೇಳುತ್ತಾರೆ. ಆಗ?

ಪುಸ್ತಕಗಳಲ್ಲಿ 'ಬೇರೆ ಕೋಣೆಗೆ ಹೋಗಿ' ಅಂತ ಸಲೀಸಾಗಿ ಬರೆದಿರುತ್ತಾರೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಐದು ಜನ ಇದ್ದರೆ ಎಲ್ಲಿಗೆ ಹೋಗುವುದು? ಎರಡು ದಾರಿ ಇದೆ. ಹಗಲು ಹೊತ್ತಿನಲ್ಲೇ ಮನೆಯವರಿಗೆ ಹೇಳಿಡಿ: 'ರಾತ್ರಿ ನಾನು ಎದ್ದು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಗಾಬರಿಯಾಗಬೇಡಿ, ನಿದ್ದೆ ಸರಿ ಮಾಡಿಕೊಳ್ಳಲು ಹಾಗೆ ಮಾಡುತ್ತಿದ್ದೇನೆ.' ಮೊದಲೇ ಹೇಳಿದ್ದರೆ ಕೇಳುವುದು ನಿಲ್ಲುತ್ತದೆ. ಅದೂ ಆಗದಿದ್ದರೆ ಹಾಸಿಗೆಯಲ್ಲೇ ಎದ್ದು, ಗೋಡೆಗೆ ಒರಗಿ ಕೂತುಕೊಳ್ಳಿ. ಮಲಗಿದ ಭಂಗಿ ಬದಲಾಯಿತಲ್ಲ, ಅಷ್ಟರಿಂದಲೂ ಸ್ವಲ್ಪ ಅನುಕೂಲ ಇದೆ.

ಯೋಚನೆ ನಿಲ್ಲಿಸಲು ಎಷ್ಟು ಪ್ರಯತ್ನಪಟ್ಟರೂ ಆಗುವುದಿಲ್ಲ.

ನಿಲ್ಲಿಸಬೇಡಿ. ಯಾರಿಗೂ ಆಗುವುದಿಲ್ಲ. ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ 'ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ' ಅಂದರು. ಕರಡಿ ಮತ್ತೆ ಮತ್ತೆ ಬಂತು. ತಡೆಯುವುದನ್ನು ಬಿಟ್ಟ ಮೇಲಂತೂ ಇನ್ನೂ ಜಾಸ್ತಿ ಬಂತು. ನಿಮ್ಮ ಸಾಲದ ಕಂತು, ಮಗಳ ಮದುವೆ, ಬಾಸ್ ಆಡಿದ ಮಾತು ಎಲ್ಲ ಅದೇ ಜಾತಿ. ಯೋಚನೆ ಬಂದಿದೆ ಅಂತ ಗೊತ್ತಾದ ಆ ಕ್ಷಣವೇ ಅಭ್ಯಾಸ. ನೂರು ಸಲ ಹೋದರೆ ನೂರು ಸಲ ವಾಪಸ್ ಬನ್ನಿ, ಬೈದುಕೊಳ್ಳದೆ.

ಒಂದು ಸಣ್ಣ ಉಪಾಯವೂ ಇದೆ. ಸಂಜೆ ಏಳರ ಸುಮಾರಿಗೆ ಹತ್ತು ನಿಮಿಷ ಕೂತು, ತಲೆಯಲ್ಲಿರುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಬಿಡಿ, ಪಕ್ಕದಲ್ಲಿ ನಾಳೆ ಮಾಡಬಹುದಾದ ಒಂದು ಕೆಲಸ ಬರೆಯಿರಿ. ರಾತ್ರಿ ಅದೇ ಯೋಚನೆ ಬಂದಾಗ 'ಬರೆದಾಗಿದೆ' ಅಂತ ಹೇಳಿಕೊಳ್ಳಬಹುದು.

ದಿನಾ ಎಷ್ಟು ಹೊತ್ತು ಕೂರಬೇಕು? ಪದ್ಮಾಸನ ಹಾಕಲು ಮಂಡಿ ಬಿಡುವುದಿಲ್ಲ.

ಪದ್ಮಾಸನ ಬೇಡವೇ ಬೇಡ. ಊಟದ ಟೇಬಲ್ಲಿನ ಕುರ್ಚಿ ಸಾಕು. ಪಾದ ಎರಡೂ ನೆಲಕ್ಕೆ ತಾಗಿರಲಿ, ಬೆನ್ನು ನೆಟ್ಟಗಿರಲಿ, ಆದರೆ ಸೆಟೆದುಕೊಂಡಿರುವುದು ಬೇಡ. ಶುರುವಿನಲ್ಲಿ ಹತ್ತು ನಿಮಿಷ. ಉಸಿರು ಎಲ್ಲಿ ಚೆನ್ನಾಗಿ ಗೊತ್ತಾಗುತ್ತದೋ, ಮೂಗಿನ ತುದಿಯಲ್ಲೋ ಹೊಟ್ಟೆಯಲ್ಲೋ, ಅಲ್ಲಿ ಗಮನ ಇಡಿ. ಉಸಿರನ್ನು ಉದ್ದ ಮಾಡುವುದು, ತಡೆಯುವುದು ಏನೂ ಬೇಡ.

ಹಗಲು ಹೊತ್ತಿನಲ್ಲಿ ಮಾಡಿ. ಇದನ್ನು ಒತ್ತಿ ಹೇಳುತ್ತೇನೆ. ಮಲಗುವಾಗ ಮಾತ್ರ ಮಾಡುವವರಿಗೆ ಅದು ಬೇಗನೆ ಇನ್ನೊಂದು ನಿದ್ದೆ ಮಾತ್ರೆ ಆಗಿಬಿಡುತ್ತದೆ. 'ಹತ್ತು ನಿಮಿಷ ಆಯ್ತು, ಇನ್ನೂ ನಿದ್ದೆ ಬಂದಿಲ್ಲ' ಅಂತ ಅದರ ಮೇಲೂ ಸಿಟ್ಟು ಬರುತ್ತದೆ. ಹಗಲು ಕೂತು ಕೂತು ರೂಢಿಯಾದರೆ, ರಾತ್ರಿ ಬೇಕಾದಾಗ ತಾನೇ ಕೈಗೆ ಸಿಗುತ್ತದೆ.

ಕೂರಲು ಪುರುಸೊತ್ತೇ ಇಲ್ಲ ಅನ್ನುವವರು ದಿನದ ಒಂದು ಕೆಲಸ ಆರಿಸಿಕೊಳ್ಳಿ. ನಮ್ಮ ಗುಂಪಿನ ಒಬ್ಬರು ಬೆಳಗಿನ ದೋಸೆಯನ್ನೇ ಅಭ್ಯಾಸ ಮಾಡಿಕೊಂಡಿದ್ದಾರೆ. ಕಾವಲಿಗೆ ನೀರು ಚಿಮುಕಿಸಿದಾಗ ಚುಂಯ್ ಅನ್ನುವ ಸದ್ದು, ಸೌಟಿನ ತಳ ಹಿಟ್ಟನ್ನು ಸುತ್ತಿಸುವಾಗ ಮಣಿಕಟ್ಟು ತಿರುಗುವ ರೀತಿ, ಅಂಚು ಕೆಂಪಾಗಿ ಮೇಲೇಳುವುದು. ಮೊದಲ ಎರಡು ದೋಸೆ ಪೂರ್ತಿ ಗಮನದಲ್ಲಿ. ಆಮೇಲೆ ಮಕ್ಕಳ ಟಿಫಿನ್ ಗಲಾಟೆ ಶುರುವಾಗುತ್ತದೆ, ಅದು ಇದ್ದದ್ದೇ. ಆ ಐದು ನಿಮಿಷವೂ ಅಭ್ಯಾಸವೇ.

ಎಷ್ಟು ದಿನಕ್ಕೆ ಫಲ ಕಾಣುತ್ತದೆ? ಇದಕ್ಕೆಲ್ಲ ಪುರಾವೆ ಇದೆಯಾ?

ಸಂಶೋಧನೆ ನಡೆದ ಕೋರ್ಸ್‌ಗಳು ಹೆಚ್ಚಾಗಿ 6ರಿಂದ 8 ವಾರದವು. ಅಷ್ಟಾದರೂ ಸಮಯ ಕೊಡಿ. ಒಂದು ವಾರಕ್ಕೆ ತೀರ್ಮಾನ ಮಾಡಬೇಡಿ.

ಪುರಾವೆ ಇದೆ, ಆದರೆ ಜಾಹೀರಾತಿನಲ್ಲಿ ಹೇಳುವಷ್ಟು ದೊಡ್ಡದಲ್ಲ. 2015ರಲ್ಲಿ ಅಮೆರಿಕದಲ್ಲಿ ನಿದ್ದೆಯ ತೊಂದರೆ ಇದ್ದ 49 ಹಿರಿಯರ ಮೇಲೆ ಒಂದು ಅಧ್ಯಯನ ಪ್ರಕಟವಾಯಿತು. ಅರ್ಧ ಜನರಿಗೆ ಮೈಂಡ್‌ಫುಲ್‌ನೆಸ್ ಹೇಳಿಕೊಟ್ಟರು, ಉಳಿದವರಿಗೆ ಒಳ್ಳೆಯ ನಿದ್ದೆಯ ಅಭ್ಯಾಸಗಳ ಪಾಠ ಮಾಡಿದರು. ಮೈಂಡ್‌ಫುಲ್‌ನೆಸ್ ಗುಂಪಿನ ನಿದ್ದೆ ಹೆಚ್ಚು ಸುಧಾರಿಸಿತು. ಅದಕ್ಕಿಂತ ಒಂದು ವರ್ಷ ಮೊದಲು, 2014ರಲ್ಲಿ, 47 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ದೊಡ್ಡ ವರದಿಯೊಂದು ಬಂದಿತ್ತು. ಆತಂಕ, ಖಿನ್ನತೆ, ನೋವಿಗೆ ಧ್ಯಾನದಿಂದ ಉಪಯೋಗ ಇದೆ ಅನ್ನುವುದಕ್ಕೆ ಮಧ್ಯಮ ಮಟ್ಟದ ಪುರಾವೆ ಇದೆ, ನಿದ್ದೆಗೆ ಆಗಿನ್ನೂ ಸಾಕಷ್ಟು ಪುರಾವೆ ಇಲ್ಲ ಅಂತ ಅದು ಹೇಳಿತು. ಇನ್ನು ಆತಂಕದ ಕಾಯಿಲೆ ಇದ್ದ 276 ಜನರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 8 ವಾರದ ಎಂಬಿಎಸ್‌ಆರ್ ಕೋರ್ಸ್ ಆತಂಕಕ್ಕೆ ಕೊಡುವ ಎಸ್ಸಿಟಾಲೋಪ್ರಾಂ ಮಾತ್ರೆಗಿಂತ ಕಡಿಮೆಯೇನಲ್ಲ ಅಂತ ಕಂಡುಬಂತು. ಹಾಗಂತ ಮಾತ್ರೆ ಬಿಡಿ ಅಂತ ಅರ್ಥವಲ್ಲ. ಮನಸ್ಸಿನ ಸಂಕಟಕ್ಕೆ ಇದು ಸುಮ್ನೆ ಸಮಾಧಾನದ ಮಾತು ಅಲ್ಲ, ಚಿಕಿತ್ಸೆಯ ತೂಕ ಇದಕ್ಕಿದೆ ಅಂತ ಅರ್ಥ.

ಹಾಗಾದರೆ ನಿದ್ದೆಗೆ ಇದಕ್ಕಿಂತ ಒಳ್ಳೆಯದು ಏನಾದರೂ ಇದೆಯಾ?

ಇದೆ. ಸಿಬಿಟಿ-ಐ ಅಂತ, ನಿದ್ರಾಹೀನತೆಗಾಗಿಯೇ ರೂಪಿಸಿದ ವರ್ತನಾ ಚಿಕಿತ್ಸೆ. ಬಹಳ ದಿನದಿಂದ ನಿದ್ದೆ ಇಲ್ಲದವರಿಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಹಾಸಿಗೆಯಲ್ಲಿ ಕಳೆಯುವ ಸಮಯವನ್ನು ನಿಜವಾಗಿ ನಿದ್ದೆ ಮಾಡುವಷ್ಟಕ್ಕೆ ಇಳಿಸುವುದು, ದಿನಾ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬರದಿದ್ದರೆ ಎದ್ದುಬಿಡುವುದು, ನಿದ್ದೆಯ ಬಗೆಗಿನ ಭಯಗಳನ್ನು ಪರೀಕ್ಷಿಸಿ ನೋಡುವುದು, ಇವು ಅದರ ಮುಖ್ಯ ಭಾಗಗಳು. ಓಂಗ್ ಅವರ ಕೋರ್ಸ್ ಇವುಗಳಲ್ಲಿ ಕೆಲವನ್ನು ಮೈಂಡ್‌ಫುಲ್‌ನೆಸ್ ಜೊತೆ ಸೇರಿಸುತ್ತದೆ. ಬರೀ ಧ್ಯಾನಕ್ಕಿಂತ ಈ ಜೋಡಿ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಎಚ್ಚರಿಕೆ ಒಂದಿದೆ: ಮೂರ್ಛೆ ರೋಗ ಅಥವಾ ಬೈಪೋಲಾರ್ (ಮನಸ್ಸು ಕೆಲವು ಕಾಲ ವಿಪರೀತ ಹುರುಪು, ಕೆಲವು ಕಾಲ ಖಿನ್ನತೆ ಅಂತ ಏರಿಳಿಯುವ ಕಾಯಿಲೆ) ಇರುವವರು ಹಾಸಿಗೆಯ ಸಮಯ ಕಡಿತ ಮಾಡುವ ಪ್ರಯೋಗವನ್ನು ತಾವೇ ಮಾಡಬಾರದು. ಅವರಿಗೆ ನಿದ್ದೆ ಕಡಿಮೆಯಾದರೆ ಕಾಯಿಲೆಯೇ ಕೆರಳಬಹುದು. ಲಾರಿ, ಬಸ್ಸು ಓಡಿಸುವವರೂ ತಜ್ಞರನ್ನು ಕೇಳಿಯೇ ಮಾಡಬೇಕು.

ಅಮ್ಮ ದಿನಾ ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ. ನಿದ್ದೆ ಮಾತ್ರೆ ಕೊಡಿಸಿ ಅಂತಾರೆ.

ಮಲಗುವುದು ಎಷ್ಟು ಗಂಟೆಗೆ ಅಂತ ಮೊದಲು ಕೇಳಿ. ಶಿವಮೊಗ್ಗದ ನಮ್ಮ ಅತ್ತೆಯೊಬ್ಬರದ್ದು ಇದೇ ದೂರು. ಧಾರಾವಾಹಿ ಮುಗಿಸಿ, ಎಂಟೂವರೆಗೆ ದೀಪ ಆರಿಸುತ್ತಿದ್ದರು. ಮೂರಕ್ಕೆ ಎಚ್ಚರ. ಅಂದರೆ ಆರೂವರೆ ಗಂಟೆ ಆಗಲೇ ಆಯಿತು. ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ ಬೇರೆ ಮಲಗುತ್ತಿದ್ದರು. ಅವರಿಗೆ ನಿದ್ದೆ ಕಮ್ಮಿ ಆಗಿರಲಿಲ್ಲ, ಮನೆಯೆಲ್ಲ ಮಲಗಿರುವಾಗ ಒಬ್ಬರೇ ಎಚ್ಚರವಾಗಿರುವುದು ಕಷ್ಟವಾಗುತ್ತಿತ್ತು. ಮಲಗುವುದನ್ನು ಹತ್ತು ಗಂಟೆಗೆ ತಂದು, ಮಧ್ಯಾಹ್ನದ್ದನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದ ಮೇಲೆ ನಾಲ್ಕೂವರೆಯವರೆಗೆ ಮಲಗುತ್ತಾರೆ. ಎದ್ದ ಮೇಲೆ ಸ್ವಲ್ಪ ಹೊತ್ತು ಉಸಿರು ನೋಡುತ್ತಾ ಕೂರುತ್ತಾರೆ, ಆಮೇಲೆ ಹೂ ಕೊಯ್ಯಲು ಹೋಗುತ್ತಾರೆ.

ವಯಸ್ಸಾದಂತೆ ಗಾಢ ನಿದ್ದೆ ಕಡಿಮೆಯಾಗುವುದು ಸಹಜ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಅರ್ಧದಲ್ಲೇ ಮುಗಿಯುತ್ತದೆ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುವುದರಿಂದ ನಡುವೆ ಎಚ್ಚರವಾಗುವುದು ಯಾವ ವಯಸ್ಸಿನಲ್ಲೂ ಇದ್ದದ್ದೇ.

ನಿದ್ದೆಗಿಂತ ನನಗೆ ಅಳು, ಸಿಟ್ಟು, ಹೆದರಿಕೆಯದ್ದೇ ಕಾಟ. ಅದಕ್ಕೆ ಇದು ಹೇಗೆ ಸಹಾಯ ಮಾಡುತ್ತದೆ?

ಭಾವನೆ ಜೋರಾಗಿ ಬಂದಾಗ ನಾವು ಎರಡರಲ್ಲಿ ಒಂದು ಮಾಡುತ್ತೇವೆ. ಒಂದೋ ಅದನ್ನು ನುಂಗಿಕೊಂಡು ಮೊಬೈಲ್ ಹಿಡಿಯುತ್ತೇವೆ, ಇಲ್ಲವೇ ಅದರ ಹಿಂದೆ ಓಡಿ ಹೋಗುತ್ತೇವೆ: ಅವರು ಹೀಗಂದರು, ನಾನು ಹೀಗನ್ನಬೇಕಿತ್ತು, ಮುಂದೆ ಹೀಗಾದರೆ ಏನು. ಇಲ್ಲಿ ಕಲಿಸುವುದು ಇವೆರಡೂ ಅಲ್ಲದ ಇನ್ನೊಂದು ದಾರಿ. ಮೈಯಲ್ಲಿ ಅದು ಎಲ್ಲಿದೆ ಅಂತ ನೋಡಿ. ಗಂಟಲು ಕಟ್ಟಿದೆಯಾ, ಹೊಟ್ಟೆಯಲ್ಲಿ ತಳಮಳ ಇದೆಯಾ, ಕಿವಿ ಬಿಸಿಯಾಗಿದೆಯಾ. ಆಮೇಲೆ ಅದಕ್ಕೆ ಒಂದು ಹೆಸರು ಕೊಡಿ: 'ಇದು ಭಯ', 'ಇದು ಅವಮಾನ'. ಭಾವನೆಗೆ ಹೆಸರಿಟ್ಟಾಗ ಮೆದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಾಲಾ ಭಾಗದ ಚಟುವಟಿಕೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಎಂಬ ಮನೋವಿಜ್ಞಾನಿ ಮತ್ತು ಅವರ ಜೊತೆಗಾರರು 2007ರಲ್ಲಿ ತೋರಿಸಿದರು.

ಆಫೀಸಿನಲ್ಲಿ, ಬಸ್ಸಿನಲ್ಲಿ ಮಾಡಬಹುದಾದ ಮೂರು ನಿಮಿಷದ ಅಭ್ಯಾಸವೂ ಇದೆ. ಮೊದಲ ನಿಮಿಷ, ಈಗ ಒಳಗೆ ಏನೇನಿದೆ ಅಂತ ಕೇಳಿಕೊಳ್ಳಿ. ಎರಡನೆಯದು ಬರೀ ಉಸಿರಿಗೆ. ಮೂರನೆಯದರಲ್ಲಿ ಗಮನವನ್ನು ಇಡೀ ಮೈಗೆ ಹರಡಿ, ಕಣ್ಣು ಬಿಟ್ಟು ಮುಂದಿನ ಕೆಲಸಕ್ಕೆ ಹೋಗಿ. ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಕಟ್ಟಿದ ಎಂಬಿಸಿಟಿ ಕೋರ್ಸ್‌ನಲ್ಲಿ ಇದು ಬರುತ್ತದೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಖಿನ್ನತೆಗೆ ಬಿದ್ದು ಎದ್ದವರು ಮತ್ತೆ ಬೀಳದಂತೆ ತಡೆಯಲು ಅಂತ ಬ್ರಿಟನ್‌ನ ಆರೋಗ್ಯ ಮಾರ್ಗಸೂಚಿ 2004ರಲ್ಲೇ ಈ ಕೋರ್ಸನ್ನು ಶಿಫಾರಸು ಮಾಡಿತು.

ಇನ್ನು ಸಾವಿನ ದುಃಖದ ವಿಷಯ. ಗಂಡನನ್ನು ಕಳೆದುಕೊಂಡ ಒಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಅವರಿಗೆ ದಿನಾ ನಾಲ್ಕೂವರೆಗೆ ಎಚ್ಚರವಾಗುತ್ತಿತ್ತು, ಅದು ಅವರ ಯಜಮಾನರು ಎದ್ದು ಡಿಕಾಕ್ಷನ್ ಹಾಕುತ್ತಿದ್ದ ಹೊತ್ತು. 'ಈ ದುಃಖ ಹೋಗಿಸಲು ಏನು ಮಾಡಬೇಕು' ಅಂತ ಕೇಳಿದರು. ಹೋಗಿಸಲು ಏನೂ ಇಲ್ಲ. ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಅಳು ಬಂದರೆ ಅಳುತ್ತಾ, ಉಸಿರಿನ ಜೊತೆ ಇರುವುದು ಮಾತ್ರ ಸಾಧ್ಯವಿತ್ತು. ಅದನ್ನೇ ಮಾಡಿದರು. ಪ್ರೀತಿಪಾತ್ರರು ಹೋದ ಮೇಲೆ ನಿದ್ದೆ ಕೆಡುವುದು ರೋಗ ಅಲ್ಲ, ಅದನ್ನು ಬೇಗ ಸರಿ ಮಾಡಬೇಕು ಅಂತ ಯಾರೂ ಅವಸರ ಮಾಡಬಾರದು.

ಕಣ್ಣು ಮುಚ್ಚಿ ಕೂತರೆ ಗಾಬರಿ ಇನ್ನೂ ಜಾಸ್ತಿ ಆಗುತ್ತದೆ. ನಾನು ಸರಿಯಾಗಿ ಮಾಡುತ್ತಿಲ್ಲವಾ?

ಹಾಗಲ್ಲ. ಕೆಲವರಿಗೆ ಇದು ನಿಜವಾಗಿಯೂ ಹಾಗೆ ಆಗುತ್ತದೆ. ಹಿಂಸೆ, ಅಪಘಾತ, ದೌರ್ಜನ್ಯ ಕಂಡವರಿಗೆ ಒಳಗೆ ನೋಡಿದ ತಕ್ಷಣ ಹಳೆಯದೆಲ್ಲ ಮೇಲೆ ಬರಬಹುದು. ಪ್ಯಾನಿಕ್ ಇರುವವರಿಗೆ ಉಸಿರು ಗಮನಿಸುವುದೇ ಭಯ ಹುಟ್ಟಿಸಬಹುದು. ಧ್ಯಾನದಿಂದ ಆಗುವ ತೊಂದರೆಗಳ ಮೇಲೆ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ವರ್ಷಗಳಿಂದ ಸಂಶೋಧನೆ ಮಾಡುತ್ತಿದ್ದಾರೆ.

ಕಣ್ಣು ತೆರೆದಿಡಿ. ಉಸಿರು ಬಿಟ್ಟು, ಪಾದ ನೆಲ ಒತ್ತುವುದನ್ನು ಗಮನಿಸಿ. ಹೊರಗಿನ ಶಬ್ದ ಕೇಳಿ: ಫ್ಯಾನ್, ದೂರದ ಬಸ್ಸು, ಪಕ್ಕದ ಮನೆಯ ಕುಕ್ಕರ್. ಕೂರುವ ಬದಲು ವರಾಂಡದಲ್ಲಿ ನಿಧಾನಕ್ಕೆ ನಡೆಯಿರಿ. ಆದರೂ ಗಾಬರಿ ಏರುತ್ತಿದ್ದರೆ ನಿಲ್ಲಿಸಿಬಿಡಿ, ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಂಡು ಅವರ ಜೊತೆ ಮುಂದುವರಿಸಿ. ಹಲ್ಲು ಕಚ್ಚಿ ಮಾಡುವುದರಿಂದ ಯಾವ ಪುಣ್ಯವೂ ಇಲ್ಲ.

ವಿಪಶ್ಯನ, ಯೋಗನಿದ್ರೆ, ಪ್ರಾಣಾಯಾಮ, ನಾಮಸ್ಮರಣೆ, ಇವೆಲ್ಲ ಒಂದೇನಾ?

ನೆಂಟಸ್ತಿಕೆ ಇದೆ, ಒಂದೇ ಅಲ್ಲ. ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ವಿಪಶ್ಯನ ಶಿಬಿರದಲ್ಲಿ 10 ದಿನ ಮೌನವಾಗಿದ್ದು ದಿನಕ್ಕೆ ಹತ್ತು ಗಂಟೆಯಷ್ಟು ಧ್ಯಾನ ಮಾಡಬೇಕು. ಬೆಂಗಳೂರಿನ ಹತ್ತಿರವೂ ಇದರ ಕೇಂದ್ರ ಇದೆ. ಒಳ್ಳೆಯದೇ, ಆದರೆ ನಿದ್ದೆ ಕೆಟ್ಟು ಮನಸ್ಸು ಜರ್ಜರಿತವಾಗಿರುವ ಸಮಯದಲ್ಲಿ ನೇರ ಅಲ್ಲಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಸೈಕೋಸಿಸ್ (ಇಲ್ಲದ್ದು ಕಾಣುವ, ಕೇಳಿಸುವ ಮನೋರೋಗ) ಅಥವಾ ಬೈಪೋಲಾರ್ ಇದ್ದವರಂತೂ ಡಾಕ್ಟರನ್ನು ಕೇಳದೆ ಹೋಗಲೇಬಾರದು.

ಯೋಗನಿದ್ರೆ ಮಲಗಿ, ಇನ್ನೊಬ್ಬರ ದನಿ ಕೇಳುತ್ತಾ ಮಾಡುವಂಥದ್ದು. ಈಗಿನ ರೂಪದಲ್ಲಿ ಅದನ್ನು ಜನಪ್ರಿಯ ಮಾಡಿದವರು ಬಿಹಾರದ ಮುಂಗೇರಿನ ಸತ್ಯಾನಂದ ಸರಸ್ವತಿ. ಬಾಡಿ ಸ್ಕ್ಯಾನ್‌ಗೆ ತುಂಬಾ ಹತ್ತಿರ ಇದೆ, ಹಿಡಿಸಿದರೆ ಖಂಡಿತ ಮಾಡಿ. ನಾಮಸ್ಮರಣೆ ಮಾಡುವವರು ಅದನ್ನು ಬಿಡಬೇಕಾಗಿಲ್ಲ, ನಾಮ ಹೇಳುವಾಗ ತುಟಿ, ದನಿ, ಉಸಿರು ಗಮನದಲ್ಲಿದ್ದರೆ ಅದೇ ಸಾಕು. ಕಪಾಲಭಾತಿ, ಭಸ್ತ್ರಿಕಾ ಮಾತ್ರ ಮಲಗುವ ಮುಂಚೆ ಬೇಡ, ಅವು ಮೈಯನ್ನು ಚುರುಕು ಮಾಡುತ್ತವೆ.

ನಿದ್ದೆ ಮಾತ್ರೆ ನುಂಗುತ್ತಿದ್ದೇನೆ. ಇದನ್ನು ಶುರು ಮಾಡಿ ಮಾತ್ರೆ ಬಿಡಬಹುದಾ?

ನೀವಾಗಿಯೇ, ಒಮ್ಮೆಲೇ ಬಿಡಬೇಡಿ. ಆಲ್ಪ್ರಜೋಲಾಮ್, ಕ್ಲೊನಜೆಪಾಮ್ ಜಾತಿಯ ಮಾತ್ರೆಗಳನ್ನು ಬಹಳ ದಿನ ತೆಗೆದುಕೊಂಡು ತಟ್ಟನೆ ನಿಲ್ಲಿಸಿದರೆ ನಿದ್ದೆ ಇನ್ನೂ ಕೆಡುತ್ತದೆ, ನಡುಕ, ಗಾಬರಿ ಬರುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಬರೆದುಕೊಟ್ಟ ಡಾಕ್ಟರ ಹತ್ತಿರವೇ ಹೋಗಿ, 'ನಿಧಾನವಾಗಿ ಇಳಿಸಬೇಕು ಅಂತಿದ್ದೇನೆ' ಅನ್ನಿ. ಇಳಿಸುತ್ತಿರುವ ವಾರಗಳಲ್ಲಿ ಅಭ್ಯಾಸ ಜೊತೆಗಿರಲಿ. ಮೆಡಿಕಲ್ ಶಾಪಿನಲ್ಲಿ ಹಳೆಯ ಚೀಟಿ ತೋರಿಸಿ ತರುವುದನ್ನಂತೂ ನಿಲ್ಲಿಸಿ.

ಕಾಫಿ ಬಿಡಬೇಕಾ?

ಬೆಳಗ್ಗೆಯದ್ದು ಕುಡಿಯಿರಿ. ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಐದರ ಸ್ಟ್ರಾಂಗ್ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಕುಡಿತವೂ ಹಾಗೇ: ಬೇಗ ನಿದ್ದೆ ಹತ್ತುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಚೂರು ಚೂರು ಮಾಡುತ್ತದೆ.

ನೈಟ್ ಶಿಫ್ಟ್ ಇದ್ದವರಿಗೆ?

ಬೆಂಗಳೂರಿನಲ್ಲಿ ಅಮೆರಿಕದ ಸಮಯಕ್ಕೆ ಕೆಲಸ ಮಾಡುವವರು, ನರ್ಸ್‌ಗಳು, ಸೆಕ್ಯುರಿಟಿಯವರು, ಇವರ ತೊಂದರೆ ಮನಸ್ಸಿನದ್ದಲ್ಲ, ಮೈಯ ಗಡಿಯಾರದ್ದು. ಮೈಂಡ್‌ಫುಲ್‌ನೆಸ್ ಆ ಗಡಿಯಾರವನ್ನು ತಿರುಗಿಸಲಾರದು. ದಪ್ಪ ಪರದೆ, ಬೆಳಗ್ಗೆ ಮನೆಗೆ ಬರುವಾಗ ಕೂಲಿಂಗ್ ಗ್ಲಾಸ್, ಕಾಲಿಂಗ್ ಬೆಲ್ ಬಂದ್ ಮಾಡುವುದು, ರಜೆಯ ದಿನವೂ ಮಲಗುವ ಹೊತ್ತು ತೀರಾ ಬದಲಾಯಿಸದಿರುವುದು ಮೊದಲ ಕೆಲಸ. ಕ್ಯಾಬ್ ಇಳಿದು ಬಂದ ಮೇಲೆ ಹತ್ತು ನಿಮಿಷ ಕೂತು ಆಫೀಸನ್ನು ಮೈಯಿಂದ ಇಳಿಸಲು ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು?

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಟ್ಟು, ಅದು ಮೂರು ತಿಂಗಳಿಂದ ನಡೆಯುತ್ತಿದ್ದರೆ ತೋರಿಸಲೇಬೇಕು. ಜೋರು ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು, ಅದಕ್ಕೆ ಧ್ಯಾನ ಮದ್ದಲ್ಲ. ಸಂಜೆಯಾದರೆ ಕಾಲು ಅಲ್ಲಾಡಿಸದೆ ಇರಲು ಆಗುವುದಿಲ್ಲ ಅನ್ನಿಸಿದರೆ ಕಬ್ಬಿಣಾಂಶ ಪರೀಕ್ಷೆ ಮಾಡಿಸಿ. ಥೈರಾಯ್ಡ್, ಸಕ್ಕರೆ ಕಾಯಿಲೆ, ಮುಟ್ಟು ನಿಲ್ಲುವ ಸಮಯದ ಬಿಸಿ ಏರುವಿಕೆ ಕೂಡ ನಿದ್ದೆ ಕೆಡಿಸುತ್ತವೆ. ದಿನಗಟ್ಟಲೆ ಎರಡು ಮೂರು ಗಂಟೆ ಮಾತ್ರ ಮಲಗಿಯೂ ವಿಪರೀತ ಹುರುಪು, ಮಾತು, ಖರ್ಚು ಇದ್ದರೆ ಮನೋವೈದ್ಯರ ಹತ್ತಿರ ತಕ್ಷಣ ಕರೆದುಕೊಂಡು ಹೋಗಿ. ಹೆರಿಗೆಯಾದ ಮೇಲೆ ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬರದೆ, ಮನಸ್ಸು ಕುಸಿದಿದ್ದರೆ ಕಾಯಬೇಡಿ.

ಬದುಕುವುದೇ ಬೇಡ ಅನ್ನಿಸಿದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರ ಅಕ್ಟೋಬರ್ 2022ರಲ್ಲಿ ಶುರು ಮಾಡಿದ ಸೇವೆ ಇದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ನಿಮಗೆ ಗೊತ್ತಿರಬಹುದು. ಅಷ್ಟು ದೂರ ಹೋಗಲೇಬೇಕು ಅಂತಿಲ್ಲ, ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇರುತ್ತದೆ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಚಿಕಿತ್ಸೆ ಕೊಡುವ ದೇಶದ ಯೋಜನೆಗೆ ಮಾದರಿಯಾದದ್ದೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯತ್ನ. ಹೋಗಲು ನಾಚಿಕೆ ಬೇಡ.

ನಿದ್ದೆ ಇಲ್ಲದಿರುವುದು ನನ್ನ ಗಂಡನಿಗೆ. ನಾನೇನು ಮಾಡಬಹುದು?

ಬೆಳಗ್ಗೆ ಎದ್ದ ತಕ್ಷಣ 'ನಿದ್ದೆ ಬಂತಾ?' ಅಂತ ಕೇಳುವುದನ್ನು ಬಿಟ್ಟುಬಿಡಿ. ಕಾಳಜಿಯಿಂದಲೇ ಕೇಳುತ್ತೀರಿ, ನನಗೆ ಗೊತ್ತು. ಆದರೆ ದಿನಾ ಬೆಳಗ್ಗೆ ರಾತ್ರಿಯ ಲೆಕ್ಕ ಒಪ್ಪಿಸಬೇಕು ಅಂದರೆ ರಾತ್ರಿ ಅದೇ ಇನ್ನೊಂದು ಚಿಂತೆಯಾಗುತ್ತದೆ. ಊರವರು ಹೇಳಿದ ಮದ್ದುಗಳನ್ನೆಲ್ಲ ಒಂದೊಂದಾಗಿ ಪ್ರಯೋಗ ಮಾಡಿಸುವುದೂ ಬೇಡ. ಗೊರಕೆ, ಉಸಿರು ನಿಲ್ಲುವುದು ಅವರಿಗೆ ಗೊತ್ತಾಗುವುದಿಲ್ಲ, ನಿಮಗೆ ಕೇಳಿಸುತ್ತದೆ, ಅದನ್ನು ಡಾಕ್ಟರಿಗೆ ಹೇಳಿ. ಸಂಜೆ ಊಟ ಆದ ಮೇಲೆ ಸಾಲ, ಆಸ್ತಿ, ಮಕ್ಕಳ ಮಾರ್ಕ್ಸ್ ವಿಷಯ ತೆಗೆಯಬೇಡಿ, ಅದಕ್ಕೆ ಭಾನುವಾರ ಬೆಳಗ್ಗೆ ಒಂದು ಹೊತ್ತು ಇಟ್ಟುಕೊಳ್ಳಿ. ಅವರು ಹತ್ತು ನಿಮಿಷ ಕೂರುತ್ತಾರೆ ಅಂದರೆ ನೀವೂ ಪಕ್ಕದ ಕುರ್ಚಿಯಲ್ಲಿ ಕೂತುಕೊಳ್ಳಿ, ಆ ಹತ್ತು ನಿಮಿಷ ಟಿವಿ ಆಫ್ ಇರಲಿ.